ಎಡಗಡೆಯ ಕದ

ನಮ್ಮ ಮನೆಯ ತಲಬಾಗಿಲಿಗೆ ಎರಡು ಕದ. ಬಲಗಡೆಯದು ದೊಡ್ಡಪ್ಪನ ಮನೆಯವರದು, ಎಡಗಡೆಯದು ನಮ್ಮದು. ಬಾಗಿಲಿನ ಕದವನ್ನೂ ಯಾರಾದರೂ ಹಂಚಿಕೊಳ್ಳುತ್ತಾರೆಯೇ ಎಂದು ಕೇಳಬೇಡಿ, ನಮ್ಮವರು ಹಂಚಿಕೊಂಡಿದ್ದರು. ಅಪ್ಪ, ದೊಡ್ಡಪ್ಪ ಬೇರೆಯಾದಾಗ ಪಡಸಾಲೆಯ ನಡುವೆ ಗೋಡೆ ಎದ್ದಿತು, ಒಲೆ ಎರಡಾದವು, ಹಿತ್ತಲಿನ ನುಗ್ಗೆಮರ ಅವರಿಗೆ ಹೋಯಿತು, ಒರಳುಕಲ್ಲು ನಮಗೆ ಬಂತು. ಬೀದಿಯ ಕಡೆಗೆ ಇನ್ನೊಂದು ಬಾಗಿಲು ಒಡೆಯುವ ಮಾತು ಬಂದಾಗ ಮಾತ್ರ ಆಯಿ ಹೊಸ್ತಿಲ ಮೇಲೆ ಕೂತುಬಿಟ್ಟಳು. ಆಯಿ ಎಂದರೆ ಅಪ್ಪನ ತಾಯಿ.

“ಒಳಗ ಏನ ಬೇಕಾದ್ದ ಹರಕೋರಿ,” ಎಂದಳಂತೆ. “ಬಾಗಲಾ ಮಾತ್ರ ಒಂದ ಇರಬೇಕ. ನಾ ಈ ಮನಿಗಿ ಬಂದದ್ದ ಇದರಾಗಿಂದ, ಹೊರಗ ಹೋಗೂದೂ ಇದರಾಗಿಂದನ. ನನ್ನ ಹೆಣಾ ಎರಡ ಬಾಗಲದಾಗ ಹಾಯೂದಿಲ್ಲ.”

ಹಿರಿಯರು ಕೂತು ಯೋಚಿಸಿದರು. ಅಣ್ಣನಿಗೆ ಬಲಗಡೆಯ ಕದ, ತಮ್ಮನಿಗೆ ಎಡಗಡೆಯ ಕದ ಎಂದು ಹಿಸ್ಸೆಯ ಕಾಗದದಲ್ಲಿ ಬರೆದೇಬಿಟ್ಟರು. ಚಿಲಕ ಅವರ ಕದಕ್ಕಿತ್ತು, ಅದು ಹೋಗಿ ಕೂಡುವ ಕೊಂಡಿ ನಮ್ಮ ಕದಕ್ಕೆ. ಅವರಿಲ್ಲದೆ ನಾವು ಮನೆ ಮುಚ್ಚುವಂತಿರಲಿಲ್ಲ, ನಾವಿಲ್ಲದೆ ಅವರು ಮುಚ್ಚುವಂತಿರಲಿಲ್ಲ. ಬಾಗಿಲ ಒಳಗಿನ ಏಳೆಂಟು ಹೆಜ್ಜೆ ಜಾಗ ಯಾರ ಪಾಲಿಗೂ ಸೇರದೆ ಉಳಿಯಿತು. ಅಲ್ಲಿ ಆಯಿ ತನ್ನ ಹೊರಸು ಹಾಕಿಕೊಂಡಳು. ನಾನು ಮಾತು ಕಲಿತದ್ದು ಆ ಹೊರಸಿನ ಕಾಲ ಬಳಿ ಕೂತು. ಯಾರನ್ನು ಹೇಗೆ ಕರೆಯಬೇಕು, ಯಾವ ಮಾತನ್ನು ಅರ್ಧಕ್ಕೆ ನುಂಗಬೇಕು ಎಂಬುದನ್ನೆಲ್ಲ ಆಯಿ ಮತ್ತು ಅವಳ ಬಳಿ ಬಂದು ಎಲೆ ಹಾಕಿಕೊಳ್ಳುತ್ತಿದ್ದ ಮುದುಕಿಯರೇ ಕಲಿಸಿದರು. ನುಂಗುವುದನ್ನು ಮಾತ್ರ ನಾನು ಸರಿಯಾಗಿ ಕಲಿಯಲಿಲ್ಲ. ಈ ಕಥೆಯೆಲ್ಲ ಅದರಿಂದಲೇ ಆದದ್ದು.

ದೊಡ್ಡಪ್ಪನ ಮಗ ನನಗಿಂತ ನಾಲ್ಕೇ ತಿಂಗಳು ದೊಡ್ಡವನು. ಅಣ್ಣ ಎನ್ನಬೇಕು ಎಂದು ಆಯಿ ಎಷ್ಟು ಹೇಳಿದರೂ ನಾನು ಅನ್ನಲಿಲ್ಲ. ಅವನು ನನಗೆ ‘ಲೇ’, ನಾನು ಅವನಿಗೆ ‘ಲೇ’. ನಾಲ್ಕು ತಿಂಗಳಿಗೆ ಯಾರು ಅಣ್ಣ ಅನ್ನುತ್ತಾರೆ? ಆ ನಾಲ್ಕು ತಿಂಗಳಿಗೇ ಬಲಗಡೆಯ ಕದ ಅವನದಾಯಿತಲ್ಲ ಎಂಬ ಕುದಿ ನನಗೆ ಚಿಕ್ಕಂದಿನಿಂದಲೂ ಇತ್ತು. ನಮ್ಮ ಅಪ್ಪಂದಿರ ಹಿರಿತನಕ್ಕೂ ನಮ್ಮ ಹುಟ್ಟಿನ ತಿಂಗಳಿಗೂ ಸಂಬಂಧವಿಲ್ಲ ಎಂಬುದು ತಿಳಿಯುವ ವಯಸ್ಸು ಬಂದ ಮೇಲೂ ಕುದಿ ಆರಲಿಲ್ಲ.

ಎಂಬತ್ತರ ದಶಕದ ಮೊದಮೊದಲಲ್ಲಿ ನಾವಿಬ್ಬರೂ ಮಿಲ್ಟ್ರಿ ಭರತಿಗೆಂದು ಹೊರಟೆವು. ಚಿಕ್ಕೋಡಿಯವರೆಗೆ ನಡೆದು, ಅಲ್ಲಿ ಬಸ್ಸು ಹಿಡಿದು ಬೆಳಗಾವಿಗೆ. ಮೈದಾನದ ತುಂಬ ನಮ್ಮಂಥ ಹುಡುಗರೇ. ಮೊದಲು ಓಟ. ಓಟದಲ್ಲಿ ನಾನು ಅವನಿಗಿಂತ ಬಹಳ ಮುಂದೆ ಬಂದೆ. ತಂಬಾಕಿನ ಹೊಲದ ಬದುಗಳಲ್ಲಿ ಓಡಿದ ಕಾಲು ನನ್ನವು, ಅವನು ಹಿಂದೆ ಏದುಸಿರು ಬಿಡುತ್ತ ಬಂದ. ಆಮೇಲೆ ಎದೆಯ ಅಳತೆ. ಅಳೆಯುವವನು ಟೇಪು ಸುತ್ತಿ “ಫುಲಾವ್” ಎಂದ. ನಾನು ಉಸಿರು ಎಳೆದುಕೊಂಡೆ. “ಔರ್ ಫುಲಾವ್.” ಕಣ್ಣು ಹೊರಬರುವಷ್ಟು ಎಳೆದುಕೊಂಡೆ. ಟೇಪು ಇದ್ದಲ್ಲಿಂದ ಅಲುಗಲಿಲ್ಲ. “ಚಲ್, ಅಗಲಾ” ಎಂದು ಅವನು ನನ್ನ ಹೆಗಲು ಹಿಡಿದು ಪಕ್ಕಕ್ಕೆ ಸರಿಸಿದ. ನನ್ನ ನಂತರದವನು ದೊಡ್ಡಪ್ಪನ ಮಗ. ಅವನ ಎದೆ ಹಿಟ್ಟಿನ ಚೀಲದಂತೆ ಉಬ್ಬಿತು. ತೋಳಿನ ಮೇಲೆ ನೇರಳೆ ಮಸಿಯಲ್ಲಿ ಒಂದು ನಂಬರು ಹೊಡೆದರು.

ಊರಿಗೆ ಬಂದ ಮೇಲೆ ಅವನು ಆ ತೋಳನ್ನು ಮೇಲೆತ್ತಿಕೊಂಡೇ ಸ್ನಾನ ಮಾಡುತ್ತಿದ್ದ, ಮಸಿ ಅಳಿಸಬಾರದೆಂದು. ಹಿತ್ತಲಿನಲ್ಲಿ ಮುಖ ತೊಳೆಯುತ್ತ ನಾನು ಅದನ್ನು ನೋಡಬೇಕಾಗುತ್ತಿತ್ತು. ಎಂಟು ದಿನ ಉಳಿಯಿತು ಆ ಮಸಿ. ನನ್ನಲ್ಲಿ ಅದು ಇನ್ನೂ ಅಳಿದಿಲ್ಲ.

ಅವನು ಹೋದ. ಅಪ್ಪ ನನಗೆ ಹಿಟ್ಟಿನ ಗಿರಣಿ ಹಾಕಿಕೊಟ್ಟ. ಗಿರಣಿಯವನಿಗೆ ಒಂದು ಕಷ್ಟವಿದೆ: ಬೀಸುವುದು ಯಂತ್ರ, ಕೇಳುವುದು ನಾವು. ಜೋಳ, ಗೋದಿ, ಕಡಲೆ ಹೊತ್ತು ತಂದವರು ಪಾಳಿ ಬರುವತನಕ ಕಟ್ಟೆಯ ಮೇಲೆ ಕೂತು ಊರನ್ನೇ ಬೀಸುತ್ತಾರೆ. ಅವನು ರಜೆಗೆ ಬಂದಾಗಲಂತೂ ಬೇರೆ ಮಾತೇ ಇಲ್ಲ.

“ಮಿಲ್ಟ್ರಿ ಬಂದಾನಂತ?” ಒಬ್ಬ ಮುದುಕಿ ಕೇಳುತ್ತಿದ್ದಳು.

“ಬಂದಾನ.”

“ಭಾಳ ಬೆಳ್ಳಗ ಆಗ್ಯಾನಂತ, ಖರೇ ಏನ?”

“ನಾ ನೋಡಿಲ್ಲಬೇ.”

“ಒಂದ ಬಾಗಲದಾಗ ಹಾದು ಹೋಗಿ ಬರಾವರು, ನೋಡಿಲ್ಲ ಅಂದ್ರ? ಕಣ್ಣಿಗಿ ಹಿಟ್ಟ ಬಡದೈತೇನೋ ನಿನಗ?”

ಕಟ್ಟೆಯ ಮೇಲಿದ್ದವರೆಲ್ಲ ನಗುತ್ತಿದ್ದರು. ನಾನು ಗಿರಣಿಯ ಪಟ್ಟೆ ನೋಡುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದೆ. ಮನೆಗೆ ಬಂದರೆ ಅವನ ಕರಿಯ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಹೆಸರು, ಒಳಗಿನಿಂದ ಬರುವ ಸಾಬೂನಿನ ವಾಸನೆ. ಆಯಿಗೆ ತಂದ ಕಂಬಳಿ ಎಷ್ಟು ಮೆತ್ತಗಿತ್ತೆಂದರೆ, ನಾನು ನಿಪ್ಪಾಣಿಯ ಸಂತೆಯಿಂದ ತಂದಿದ್ದ ಕಂಬಳಿಯನ್ನು ಅವಳು ಅಡಿಗೆ ಹಾಸಿಕೊಂಡು ಅದನ್ನು ಮೇಲೆ ಹೊದೆದುಕೊಂಡಳು. ಬೆಣ್ಣೆ ತೆಗೆದ ದಿನ ಮೊದಲ ಉಂಡೆ ಅವನಿಗೆ. ನಮ್ಮಪ್ಪ ಕೂಡ, ನನ್ನ ಸ್ವಂತ ಅಪ್ಪ, ಅವನನ್ನು ‘ಏನಪಾ ಜವಾನಾ’ ಎಂದು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. ತೆಲಸಂಗದ ಕಡೆಯಿಂದ ಅವನಿಗೆ ಹೆಣ್ಣು ಬಂತು. ವೈನಿ, ಅಂದರೆ ಅತ್ತಿಗೆ, ಒಳ್ಳೆಯವಳು, ಆಮೇಲೆ ಬಂದ ನನ್ನ ಹೆಂಡತಿಗೂ ಅವಳಿಗೂ ಒಂದು ದಿನವೂ ಜಗಳವಿಲ್ಲ. ಅದೂ ನನಗೆ ಒಂದು ಸಂಕಟವೇ, ಮನೆಯಲ್ಲಿ ನನ್ನ ಪಕ್ಷ ವಹಿಸುವವರೇ ಇರಲಿಲ್ಲ.

ಆಯಿಗೆ ಎಲ್ಲ ಗೊತ್ತಿತ್ತು. ಒಮ್ಮೆ ಊಟಕ್ಕೆ ಕೂತಾಗ ನನ್ನ ಮುಖ ನೋಡಿ, “ಏನಪಾ, ಹೊಟ್ಟ್ಯಾಗೂ ಒಂದ ಗಿರಣಿ ಹಾಕಿದಿ ಕಾಣತೈತಿ. ಖಾಲಿ ತಿರಗಾಕತ್ತೈತಿ ನೋಡ, ಕಲ್ಲ ಸವದೀತ” ಎಂದಳು.

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ತಂತಿ ಬಂತು. ಆಮೇಲೆ ಕೆಲವು ತಿಂಗಳು ಬರೀ ಆಸ್ಪತ್ರೆಯ ಪತ್ರಗಳು. ಅವನು ಬರುವ ದಿನ ದೊಡ್ಡಪ್ಪನಿಗೆ ಎದೆ ಗಟ್ಟಿಯಿರಲಿಲ್ಲ, ನಾನೇ ರಾಯಬಾಗದ ಸ್ಟೇಶನ್ನಿಗೆ ಹೋದೆ. ಗಾಡಿ ನಿಂತಾಗ ಮೊದಲು ಕರಿಯ ಟ್ರಂಕು ಇಳಿಯಿತು, ಆಮೇಲೆ ಎರಡು ಊರುಗೋಲು, ಆಮೇಲೆ ಅವನು. ಎಡಗಡೆ ಪೈಜಾಮ ಮಡಚಿ ಪಿನ್ನು ಹಾಕಿತ್ತು. ನನ್ನನ್ನು ಕಂಡು, “ಅಳಬ್ಯಾಡಲೇ, ಟ್ರಂಕ ಹೊರಾವರು ಯಾರ?” ಎಂದ. ನಾನು ಅತ್ತೆ. ಸುಳ್ಳು ಹೇಳುವುದಿಲ್ಲ, ಪ್ಲಾಟ್‌ಫಾರ್ಮಿನ ಮೇಲೆ ನಿಂತು ಹೆಣ್ಣುಮಕ್ಕಳಂತೆ ಅತ್ತೆ. ಆ ದಿನ ನನ್ನ ಹೊಟ್ಟೆಯ ಗಿರಣಿ ನಿಂತಿತ್ತು.

ಹಿಮದ ಗಡಿಯಲ್ಲಿ ಬೂಟಿನೊಳಗೆ ನೀರು ಹೊಕ್ಕು, ಕೆಳಗಿಳಿಯಲು ದಾರಿ ಇಲ್ಲದೆ ಮೂರು ದಿನ ಕೂತಿದ್ದನಂತೆ. “ಥಂಡಿ ಅನಸೂದಿಲ್ಲಲೇ,” ಎಂದು ಊರಿಗೆ ಬರುವ ದಾರಿಯಲ್ಲಿ ಹೇಳಿದ. “ಬಿಸಿ ಅನಸತೈತಿ. ಯಾರೋ ಒಲ್ಯಾಗ ಕಾಲ ಇಟ್ಟಂಗ. ಹಂಗ ಕರ್ರಗ ಆತು.” ಅಷ್ಟೇ. ಅದರ ಬಗ್ಗೆ ಮತ್ತೆ ಅವನು ಮಾತಾಡಿದ್ದು ನಾನು ಕೇಳಿಲ್ಲ.

ಒಂದು ತಿಂಗಳು. ಬರೋಬ್ಬರಿ ಒಂದು ತಿಂಗಳು ನಾನು ಒಳ್ಳೆಯವನಾಗಿದ್ದೆ.

ಆಮೇಲೆ ಅವನು ಪುಣೆಗೆ ಹೋಗಿ ಹೊಸ ಕಾಲು ಹಾಕಿಸಿಕೊಂಡು ಬಂದ. ಪ್ಯಾಂಟು, ಕಾಲುಚೀಲ, ಬೂಟು ಹಾಕಿ ನಿಂತರೆ ಗೊತ್ತೇ ಆಗುತ್ತಿರಲಿಲ್ಲ. ನಡೆಯುವಾಗ ಮಾತ್ರ ಎಡಗಡೆಯ ಭುಜ ತುಸು ಎತ್ತಿ, ಎದೆ ಹಿಂದಕ್ಕೆ ಮಾಡಿ, ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಸ್ವಲ್ಪ ನಿಂತು ನಡೆಯುತ್ತಿದ್ದ. ದೊಡ್ಡ ಸಾಹೇಬರು ಸಾಲು ನೋಡುತ್ತ ಹೋಗುವಂತೆ. ಜನ ಎದ್ದು ನಿಲ್ಲುತ್ತಿದ್ದರು. ಏಕಾದಶಿಗೆ ಭಜನೆಯವರು ಅವನಿಗೆ ಚಾಪೆಯ ಬದಲು ಕುರ್ಚಿ ತಂದಿಟ್ಟರು, ಶಾಲೆಯ ಧ್ವಜಕ್ಕೆ ಅವನು, ಗಣಪತಿಯ ಪೂಜೆಗೆ ಅವನು. ನನ್ನ ಗಿರಣಿಯ ಕಟ್ಟೆಯ ಮೇಲಿನ ಜನ ಬುಟ್ಟಿ ನನ್ನ ಹತ್ತಿರ ಇಟ್ಟು, ಮಾತಿಗೆ ಅವನ ಹತ್ತಿರ ಹೋಗಿ ಕೂರತೊಡಗಿದರು. ಎರಡು ಕಾಲಿದ್ದ ನಾನು ಬೀದಿಯಲ್ಲಿ ಹೋದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನಗೆ ಆ ನಡಿಗೆಯ ಮೇಲೂ ಹೊಟ್ಟೆಕಿಚ್ಚಾಯಿತು. ಒಮ್ಮೆ ಗಿರಣಿಯೊಳಗೆ ಯಾರೂ ಇಲ್ಲದಾಗ ಭುಜ ಎತ್ತಿ ನಡೆದು ನೋಡಿದೆ.

ಅವನು ಬಲಗಡೆಯ ಕದಕ್ಕೆ ಎಣ್ಣೆ ತಿಕ್ಕಿ, ತನ್ನ ಹೆಸರು ಮತ್ತು ಹುದ್ದೆ ಕೊರೆದ ಹಿತ್ತಾಳೆಯ ಫಲಕ ಹೊಡೆದ. ಬೀದಿಯಲ್ಲಿ ಹೋಗುವವರಿಗೆ ಅದು ಮಿಂಚುತ್ತಿತ್ತು. ನನ್ನ ಕದಕ್ಕೆ ಏನು ಹೊಡೆಯಲಿ? ಗಿರಣಿಯ ತಗಡಿಗೆ ಹಚ್ಚಿ ಉಳಿದ ನೀಲಿ ಬಣ್ಣವಿತ್ತು. ದೀಪಾವಳಿಯ ಮುನ್ನಾದಿನ ಎಡಗಡೆಯ ಕದಕ್ಕೆ ಅದನ್ನೇ ಬಳಿದೆ. ಸುಣ್ಣದ ಗೋಡೆಯ ನಡುವೆ ಅರ್ಧ ಕಂದು, ಅರ್ಧ ನೀಲಿ. ಆಯಿ ಹೊರಸಿನ ಮೇಲಿಂದ ನೋಡಿ, “ಇನ್ನ ಯಾರದ ಯಾವ ಕದಾ ಅಂತ ಊರಿಗೆಲ್ಲ ಹೇಳಿದಂಗ ಆತು,” ಎಂದಳು. ಅವಳ ಆ ಮಾತು ಆಗ ನನಗೆ ಹೊಗಳಿಕೆಯಂತೆ ಕೇಳಿತ್ತು.

ಅದಾದ ಮರುವರ್ಷ ಪಂಚಾಯ್ತಿಯ ಸೆಕ್ರೆಟರಿ ಗಿರಣಿಗೆ ಬಂದ. ಕೈಯಲ್ಲಿ ಬೆಳಗಾವಿಯ ಸೈನಿಕರ ಕಚೇರಿಯಿಂದ ಬಂದ ಕಾಗದ. ಸೇವೆಯಲ್ಲಿ ಅಂಗ ಕಳೆದುಕೊಂಡವರು ತಾವೇ ವಾಸ ಮಾಡುವ ಮನೆಗೆ ಮನೆಪಟ್ಟಿಯ ತೆರಿಗೆ ಮಾಫ್ ಮಾಡಬೇಕೆಂದು ಅದರಲ್ಲಿತ್ತು. ಪಂಚಾಯ್ತಿ ಸಭೆಯಲ್ಲಿ ಠರಾವು ಮಾಡಲು ತಯಾರಿತ್ತು. ತೊಡಕು ಒಂದೇ: ಉತಾರದಲ್ಲಿ, ಅಂದರೆ ದಾಖಲೆಯಲ್ಲಿ, ನಮ್ಮ ಮನೆಗೆ ಇನ್ನೂ ಒಂದೇ ನಂಬರು, ಹೆಸರು ಇಬ್ಬರು ಅಪ್ಪಂದಿರದು. ಅಷ್ಟೊತ್ತಿಗೆ ಅಪ್ಪ, ದೊಡ್ಡಪ್ಪ ಇಬ್ಬರೂ ತೀರಿಕೊಂಡಿದ್ದರು.

“ಬಲಗಡೆ ಅರ್ಧ ಅವರದ, ಅಲ್ಲಿ ಅವರ ಇರತಾರ ಅಂತ ನೀವೊಂದ ಸಹಿ ಮಾಡಿದ್ರ ಆತ್ರಿ,” ಎಂದ ಸೆಕ್ರೆಟರಿ.

“ಒಂದ ನಂಬರ, ಒಂದ ಬಾಗಲಾ,” ಎಂದೆ ನಾನು. “ಅರ್ಧಾ ಮನಿ ಹೆಂಗ ಮಾಫ್ ಆಗತೈತ್ರಿ? ಆದ್ರ ಪೂರಾ ಆಗಬೇಕ. ಇಲ್ಲಾಂದ್ರ ನಾನೂ ಸಹಿ ಮಾಡೂದಿಲ್ಲ, ಪಟ್ಟಿನೂ ಕಟ್ಟೂದಿಲ್ಲ.”

“ಅವರ ಕಾಲ ಹೋಗೇತ್ರಿ ಯಜಮಾನ್ರ, ನಿಮ್ಮದಲ್ಲ.”

ಕಟ್ಟೆಯ ಮೇಲೆ ನಾಲ್ಕೈದು ಹೆಂಗಸರು ಬುಟ್ಟಿ ಹಿಡಿದು ಕೂತಿದ್ದರು. ಅವರ ಮುಂದೆ ಸೆಕ್ರೆಟರಿ ಹಾಗೆ ಅಂದದ್ದು ನನಗೆ ಎಲ್ಲಿಗೋ ತಾಗಿತು. ಆಯಿ ಕಲಿಸಿದ್ದಳಲ್ಲ, ಅರ್ಧಕ್ಕೆ ನುಂಗಬೇಕಾದ ಮಾತು, ಅದನ್ನು ನಾನು ಪೂರ್ತಿ ಹೊರಹಾಕಿದೆ.

“ಎಷ್ಟ ಹೋಗೇತೋ, ಯಾರ ನೋಡ್ಯಾರ? ಯಾವಾಗಲೂ ಪ್ಯಾಂಟಿನಾಗನ ಇರತಾನ.”

ಸೆಕ್ರೆಟರಿ ಕಾಗದ ಮಡಚಿಕೊಂಡು ಹೋದ. ನನ್ನ ಮಾತು ಅಲ್ಲಿಗೇ ಮುಗಿಯಲಿಲ್ಲ. ಹಿಟ್ಟಿನ ಜೊತೆಗೆ ಒಂದೊಂದು ಬುಟ್ಟಿಯಲ್ಲಿ ಒಂದೊಂದು ಮನೆಗೆ ಹೋಯಿತು. ವಾರದೊಳಗೆ ಪಂಚಾಯ್ತಿಯ ಒಬ್ಬ ಮೆಂಬರ ಸಭೆಯಲ್ಲಿ ಎದ್ದು, ನಾಳೆ ಮೇಲಿನವರು ಕೇಳಿದರೆ ಏನು ಹೇಳುವುದು, ಪಂಚನಾಮೆ ಆಗಲಿ, ಪಾಲುದಾರನೇ ಕಣ್ಣಾರೆ ನೋಡಿ ಬರೆದು ಸಹಿ ಮಾಡಲಿ ಎಂದನಂತೆ. ನಾನು ಬಿತ್ತಿದ್ದು ತಿರುಗಿ ನನ್ನ ಹೊಲಕ್ಕೇ ಬಂತು: ಈಗ ನೋಡಬೇಕಾದವನು ನಾನೇ, ಬರೆಯಬೇಕಾದವನೂ ನಾನೇ. ನಾನು ಹೋಗಲಿಲ್ಲ. ಇವತ್ತು ಗಿರಣಿ ಕೆಟ್ಟಿದೆ, ನಾಳೆ ಚಿಕ್ಕೋಡಿಯ ಕೋರ್ಟಿನಲ್ಲಿ ಕೆಲಸವಿದೆ, ನಾಡಿದ್ದು ಬೋರಗಾಂವದಲ್ಲಿ ಮದುವೆ. ಹೀಗೆ ತಿಂಗಳುಗಳು ಹೋದವು.

ಅವನು ಮನೆಯಲ್ಲಿ ಒಮ್ಮೆಯೂ ಆ ಮಾತು ತೆಗೆಯಲಿಲ್ಲ. ವೈನಿ ನನ್ನ ಹೆಂಡತಿಯ ಹತ್ತಿರ ಒಂದೇ ಒಂದು ಸಲ, “ಅವರಿಗಿ ಪಟ್ಟೀದ ಏನಿಲ್ಲವಾ. ಊರಾಗ ಕಾಲಿಗಿ ಸಾಕ್ಷಿ ಕೇಳಿದ್ರಲಾ, ಅದು ಹತ್ತೇತಿ,” ಎಂದಳಂತೆ. ಹೆಂಡತಿ ಅದನ್ನು ರೊಟ್ಟಿ ಬಡಿಯುತ್ತ ನನಗೆ ಹೇಳಿದಳು. ಆ ದಿನ ರೊಟ್ಟಿ ಬಡಿದ ಸದ್ದು ಜೋರಾಗಿತ್ತು.

ನಾನೇ ಒಂದು ದಿನ ಬಾಗಿಲಲ್ಲಿ ಅವನನ್ನು ಅಡ್ಡಹಾಕಿ, “ಇಡೀ ಮನಿ ಮಾಫ್ ಮಾಡ್ರಿ ಅಂತ ನೀ ಬರದ ಕೊಟ್ರ ಕೆಲಸಾ ಮುಗೀತೈತಿ. ನಿನಗೇನ ಹೋಗತೈತಿ?” ಎಂದೆ.

ಅವನು ಭುಜ ಎತ್ತಿಕೊಂಡು ನಿಂತ. “ನಿನ್ನ ಅರ್ಧಕ್ಕ ನಾ ಏನೂ ಕಳಕೊಂಡಿಲ್ಲಲೇ,” ಎಂದು ಒಳಗೆ ಹೋದ.

ನಮ್ಮೂರಲ್ಲಿ ಮನೆಪಟ್ಟಿ ಕಟ್ಟದವರಿಗೆ ಮಾರ್ಚ್ ತಿಂಗಳಲ್ಲಿ ಒಂದು ಮರ್ಯಾದೆ ನಡೆಯುತ್ತಿತ್ತು. ಮುಂದೆ ಹಲಗೆ ಬಾರಿಸುವವನು, ಹಿಂದೆ ಸೆಕ್ರೆಟರಿ, ಅವನ ಹಿಂದೆ ಚಾವಡಿಯ ಆಳುಗಳು, ಇಬ್ಬರು ವಾಲೀಕಾರರು. ಬಾಕಿ ಇದ್ದವರ ಮನೆಯ ಬಾಗಿಲು ಕಿತ್ತು ಚಾವಡಿಗೆ ಒಯ್ದು ಗೋಡೆಗೆ ಒರಗಿಸುತ್ತಿದ್ದರು. ಊರಿನಲ್ಲಿ ಬಾಗಿಲುಗಳ ಗುರುತು ಎಲ್ಲರಿಗೂ ಇರುತ್ತದೆ. ಚಾವಡಿಯ ಮುಂದೆ ಹಾಯುವವರು, “ಇದು ಇಂಥವರದ, ಮ್ಯಾಲ ಗಿಣಿ ಕೆತ್ತಿದ್ದು,” ಎಂದು ಓದುತ್ತ ಹೋಗುತ್ತಿದ್ದರು.

ಆ ವರ್ಷ ಹಲಗೆ ನಮ್ಮ ಬಾಗಿಲ ಮುಂದೆ ನಿಂತಿತು. ಪಟ್ಟಿಯ ದುಡ್ಡು ನನ್ನ ಅಂಗಿಯ ಜೇಬಿನಲ್ಲೇ ಇತ್ತು, ಗಿರಣಿಯ ಎರಡು ದಿನದ ದುಡಿಮೆಯಷ್ಟೇ. ತೆಗೆದು ಕೊಟ್ಟಿದ್ದರೆ ಆಗುತ್ತಿತ್ತು. ಅವನದು ಮಾಫ್, ನನ್ನದು ವಸೂಲಿ ಎಂದು ಊರ ಮುಂದೆ ಒಪ್ಪಿಕೊಂಡಂತಾಗುತ್ತದಲ್ಲ ಎಂದು ಕೈ ಜೇಬಿಗೆ ಹೋಗಲಿಲ್ಲ. ನಾನು ಧೈರ್ಯದಿಂದಲೇ ನಿಂತಿದ್ದೆ. ಬಾಗಿಲು ಒಂದೇ, ಕಿತ್ತರೆ ಇಬ್ಬರದೂ ಕೀಳಬೇಕು, ಮಿಲ್ಟ್ರಿಯ ಬಾಗಿಲು ಕೀಳುವ ಎದೆ ಇವರಿಗೆಲ್ಲಿದೆ ಎಂಬುದು ನನ್ನ ಲೆಕ್ಕ.

ವಾಲೀಕಾರರು ಬಾಗಿಲು ನೋಡಿದರು, ಸೆಕ್ರೆಟರಿಯ ಮುಖ ನೋಡಿದರು.

“ಮಿಲ್ಟ್ರಿ ಸಾಹೇಬರದಕ ಕೈ ಹಚ್ಚಬ್ಯಾಡ್ರಿ,” ಎಂದ ಸೆಕ್ರೆಟರಿ. “ಅವರದ ಮಾಫ್ ಆಗೂದೈತಿ. ಇವರದಷ್ಟ ತಗೀರಿ.”

“ಇವರದ ಯಾವದ್ರಿ?”

“ಕಾಣೂದಿಲ್ಲೇನೋ? ನೀಲಿದು.”

ಹಲಗೆಯವನು ನಗು ತಡೆಯಲಾರದೆ ಮುಖ ಆಚೆ ಮಾಡಿದ. ಹಳೆಯ ಬಾಗಿಲಿಗೆ ಬಿಜಾಗರಿ ಇರುವುದಿಲ್ಲ, ಮೇಲೊಂದು ಕೆಳಗೊಂದು ಗೂಟ ಕುಣಿಯಲ್ಲಿ ಕೂತಿರುತ್ತದೆ. ಇಬ್ಬರೂ ಹಿಡಿದು ಎತ್ತಿದರು, ನನ್ನ ಕದ ಹಲ್ಲು ಕಿತ್ತಂತೆ ಬಂತು. ನಾನೇ ಬಣ್ಣ ಬಳಿದು ಗುರುತು ಮಾಡಿಕೊಟ್ಟ ಕದ. ಬೀದಿಯ ಬಿಸಿಲು ಆಯಿಯ ಹೊರಸಿನ ಮೇಲೆ ಬಿತ್ತು. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು, “ಅರ್ಧಾ ಬಾಗಲದಾಗ ನನ್ನ ಹೊರಗ ಒಯ್ಯಾಕ ಆಗೂದಿಲ್ಲಪಾ. ಇನ್ನೊಂದ ನಾಕ ದಿನಾ ತಡೀಬೇಕಾತು ನಾ,” ಎಂದಳು.

ಅವನು ಒಳಗಿನಿಂದ ಬಂದ. ಒಂದೇ ಕದ ನೇತಾಡುತ್ತಿದ್ದ ಬಾಗಿಲನ್ನು ಮೇಲಿಂದ ಕೆಳಗೆ ನೋಡಿದ.

“ಒಂದ ಕಾಲಿನಾಂವಗ ಒಂದ ಕದಾ,” ಎಂದ. “ಈಗ ಮನಿ ನನ್ನ ಅಳತಿಗಿ ಬಂತ ನೋಡಲೇ.”

ಎಲ್ಲರೂ ನಕ್ಕರು, ನಾನು ಬಿಟ್ಟು. ಆದರೆ ಅವನು ನಗುತ್ತಿರಲಿಲ್ಲ. ವಾಲೀಕಾರರನ್ನು ಕರೆದು ತನ್ನ ಕದಕ್ಕೆ ಕೈ ತೋರಿಸಿದ. “ಇದನ್ನೂ ತಗೀರಿ.”

“ನಿಮ್ಮದ ಬ್ಯಾಡ್ರಿ ಸಾಹೇಬ್ರ.”

“ಕಾಗದಕ್ಕ ಸಹಿ ಆಗೇತೇನ?”

“ಇಲ್ರಿ.”

“ಸಹಿ ಆಗೂತನಾ ನಾನೂ ಬಾಕೀದಾರನ. ಎತ್ತರಿ.”

ಅವರು ಎತ್ತಲಿಲ್ಲ. ಅವನೇ ಭುಜ ಕೊಟ್ಟು ಕದವನ್ನು ಕುಣಿಯಿಂದ ಎಬ್ಬಿಸಿದ. ಎಬ್ಬಿಸುವಾಗ ಹೊಸ ಕಾಲು ಜಾರಿತು, ನಾನು ಇನ್ನೊಂದು ತುದಿ ಹಿಡಿಯದೆ ಇರಲಾಗಲಿಲ್ಲ. ಹಿತ್ತಾಳೆಯ ಫಲಕ ನನ್ನ ಎದೆಗೆ ಒತ್ತುತ್ತಿತ್ತು. ಬೀದಿಯಲ್ಲಿ ಬರುತ್ತಿದ್ದ ಒಂದು ಚಕ್ಕಡಿ ನಿಲ್ಲಿಸಿ ಎರಡೂ ಕದ ಹೇರಿದೆವು. ಅವನು ಚಕ್ಕಡಿ ಹತ್ತಲಿಲ್ಲ, ಹಿಂದೆ ನಡೆದ. ಜನ ಕಟ್ಟೆಗಳಿಂದ ಇಳಿದು ಸುಮ್ಮನೆ ನಿಂತರು. ಹಲಗೆಯವನು ಬಾರಿಸುವುದನ್ನು ನಿಲ್ಲಿಸಿದ್ದ. ದೊಡ್ಡಪ್ಪನ ಮಗನ ಪಕ್ಕದಲ್ಲಿ ನಡೆಯುತ್ತ ನನಗೆ ಏನನಿಸಿತು ಗೊತ್ತೇ? ಬಾಗಿಲು ಕಿತ್ತರೆ ನನಗೆ ನಗೆಪಾಟಲು, ಅದೇ ಬಾಗಿಲು ಕಿತ್ತರೆ ಅವನಿಗೆ ಮೆರವಣಿಗೆ. ಅಲ್ಲಿಯೂ ಅವನೇ ಮುಂದೆ.

ಚಾವಡಿಯಲ್ಲಿ ಎರಡೂ ಕದಗಳನ್ನು ಗೋಡೆಗೆ ಒರಗಿಸಿದರು. ಇಬ್ಬರು ಹಿರಿಯರು ಬಂದು ಕೂತರು. ಯಾರೂ ನನಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಎದುರು ಮಾತಾಡಬಹುದಿತ್ತು. ಸೆಕ್ರೆಟರಿ ಕಾಗದ, ಪೆನ್ನು ತಂದು ನನ್ನ ಮುಂದೆ ಇಟ್ಟ. ನಾನು ಪೆನ್ನು ಹಿಡಿದು, “ನೋಡೂದೇನ ಬ್ಯಾಡ್ರಿ, ಬರೀತೇನಿ,” ಎಂದೆ.

“ನೋಡಿ ಬರೀಬೇಕಲೇ,” ಎಂದ ಅವನು. “ಯಾರ ನೋಡ್ಯಾರ ಅಂದಾಂವ ನೀ.”

ಕಲ್ಲಿನ ಮೇಲೆ ಕೂತು ಪ್ಯಾಂಟಿನ ಕಾಲು ಮಡಚಿದ, ಬೆಲ್ಟುಗಳನ್ನು ಒಂದೊಂದಾಗಿ ಬಿಚ್ಚಿದ, ಕಾಲು ಕಳಚಿ ನನ್ನ ಕೈಗೆ ಕೊಟ್ಟ. “ಹಿಡಿ.”

ಗಿರಣಿಯವನ ಕೈಗೆ ಒಂದು ಗುಣವಿರುತ್ತದೆ. ಏನನ್ನು ಎತ್ತಿಕೊಟ್ಟರೂ ತೂಕ ತಾನಾಗಿ ಗೊತ್ತಾಗುತ್ತದೆ. ಬೂಟು, ಕಾಲುಚೀಲ ಸಮೇತ ಆ ಕಾಲು ಮನೆಯೊಂದರ ಎರಡು ದಿನದ ಜೋಳದ ಹಿಟ್ಟಿನಷ್ಟು ಭಾರವಿತ್ತು. ಕಾಲುಚೀಲದ ಹಿಮ್ಮಡಿಗೆ ವೈನಿ ದಾರದಿಂದ ಹೊಲಿಗೆ ಹಾಕಿದ್ದಳು. ಇಲ್ಲದ ಹಿಮ್ಮಡಿಗೂ ಕಾಲುಚೀಲ ಸವೆಯುತ್ತದೆ ಎಂದು ನಾನು ಯೋಚಿಸಿರಲಿಲ್ಲ.

ಆಮೇಲೆ ನೋಡಿದೆ. ಮೊಣಕಾಲಿನ ಕೆಳಗೆ ಒಂದು ಗೇಣೂ ಇರಲಿಲ್ಲ. ತುದಿಯ ಚರ್ಮ ಬೆಳ್ಳಗೆ, ಹೊಳೆಯುವಂತೆ. ಅದರ ಎಡಬದಿಗೆ ಒಂದು ಹುಣ್ಣು, ಕೆಂಪಗೆ, ಅರಿಶಿಣ ಮೆತ್ತಿತ್ತು. ಇವತ್ತಿನದಲ್ಲ ಆ ಹುಣ್ಣು. ಆರಿ, ಮತ್ತೆ ಒಡೆದು, ಆರಿ, ಮತ್ತೆ ಒಡೆದದ್ದು. ಹೊಸ ಕಾಲು ಅಲ್ಲಿಯೇ ತಿಕ್ಕುತ್ತಿತ್ತು. ಆ ಜಾಗಕ್ಕೆ ಭಾರ ಬೀಳಬಾರದೆಂದೇ ಅವನು ಭುಜ ಎತ್ತುತ್ತಿದ್ದ, ಎದೆ ಹಿಂದಕ್ಕೆ ಮಾಡುತ್ತಿದ್ದ, ಹೆಜ್ಜೆಯ ನಡುವೆ ನಿಲ್ಲುತ್ತಿದ್ದ. ನಾನು ಗಿರಣಿಯೊಳಗೆ ಕದ್ದು ನಡೆದು ನೋಡಿದ್ದ ಸಾಹೇಬರ ನಡಿಗೆ.

“ಬರೀರಿ,” ಎಂದ ಸೆಕ್ರೆಟರಿ. “ಎಡಗಾಲು ಮೊಣಕಾಲಿನ ಕೆಳಗೆ ಇರುವುದಿಲ್ಲ. ಖುದ್ದು ನೋಡಿರುತ್ತೇನೆ.”

ಬಗಲಲ್ಲಿ ಕಾಲು ಹಿಡಿದುಕೊಂಡೇ ಬರೆದೆ. ಬಲಗಡೆಯ ಅರ್ಧ ಇವನದು, ಇವನೇ ಅಲ್ಲಿ ವಾಸವಾಗಿದ್ದಾನೆ ಎಂದೂ ಬರೆದೆ. ‘ಇವನು’ ಎಂಬುದನ್ನು ಹೊಡೆದು ‘ನಮ್ಮ ಅಣ್ಣ’ ಎಂದು ಬರೆದೆ. ಸಹಿ ಮಾಡಿದೆ. ಜೇಬಿನಲ್ಲಿದ್ದ ದುಡ್ಡು ತೆಗೆದು ನನ್ನ ಅರ್ಧದ ಪಟ್ಟಿ ಕಟ್ಟಿದೆ. ಅವನು ಕಾಗದ ಇಸಿದುಕೊಂಡು ಓದಿದ. ಹೊಡೆದು ಬರೆದ ಕಡೆಗೆ ಕಣ್ಣು ಒಂದು ಗಳಿಗೆ ನಿಂತಿತು.

“ಅಕ್ಷರ ಚಲೋ ಅದಾವ,” ಎಂದ. ಕಾಲನ್ನು ನನ್ನ ಬಗಲಿನಿಂದ ಎಳೆದುಕೊಂಡು ಬೆಲ್ಟು ಬಿಗಿಯುತ್ತ, “ಈಗ ನೋಡಿದೆಲ್ಲಾ. ಹೋಗಿ ಗಿರಣ್ಯಾಗ ಹೇಳ,” ಎಂದ.

ನಾನು ಹ್ಞೂಂ ಎಂದೆ. ಮರುದಿನ ಗಿರಣಿಯಲ್ಲಿ ಬುಟ್ಟಿ ಹಿಡಿದು ಕೂತವರ ಮುಂದೆ, ಯಂತ್ರ ನಿಲ್ಲಿಸಿ, ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. ಹುಣ್ಣಿನದು ಹೇಳಲಿಲ್ಲ. ಅದನ್ನು ನುಂಗಿದೆ.

ಮಾಫಿಯ ಠರಾವು ಆಯಿತು. ಕದಗಳು ಮರಳಿ ಬಂದವು. ಕೂಡಿಸುವ ಮೊದಲು ಅವನು ತನ್ನ ಕದವನ್ನು ಅಂಗಳದಲ್ಲಿ ಎರಡು ಕಲ್ಲಿನ ಮೇಲೆ ಮಲಗಿಸಿ, ಫಲಕ ಬಿಚ್ಚಿ, ಮರಳು ಕಾಗದ ಹಿಡಿದು ತಿಕ್ಕಲು ಕೂತ. ಒಂದು ದಿನ ಪೂರಾ ತಿಕ್ಕಿದ. ಸಂಜೆಗೆ ನನ್ನನ್ನು ಕರೆದ.

“ಆ ನೀಲಿ ಬಣ್ಣಾ ಉಳದೈತೇನ?”

“ಯಾಕ?”

“ಬ್ಯಾರೆ ಬ್ಯಾರೆ ಬಣ್ಣ ಇದ್ರ ಮುಂದಿನ ವರ್ಷ ಮತ್ತ ನಿಂದ ಹುಡುಕಿ ಒಯ್ತಾರ. ಎರಡೂ ಒಂದ ಆಗಲಿ. ಬಂದ ಹುಡುಕಲಿ ಮಕ್ಕಳು, ಯಾವದ ಯಾರದಂತ.”

ಡಬ್ಬಿ ತಂದು ಕೊಟ್ಟೆ. ಅವನು ಬಳಿಯುತ್ತಿದ್ದರೆ ನಾನು ಬ್ರಷ್ಷು ಅದ್ದಿ ಅದ್ದಿ ಕೊಟ್ಟೆ. ಮೂರನೆಯ ದಿನ ಎರಡೂ ಕದ ಕೂಡಿಸಿ, ಚಿಲಕ ಹಾಕಿ ನೋಡಿದೆವು. ಕೊಂಡಿಗೆ ಸರಿಯಾಗಿ ಕೂತಿತು. ಬೀದಿಗೆ ಇಳಿದು ನಿಂತು ನೋಡಿದೆ. ನಾನು ತಿಕ್ಕದೆ, ಹಳೆಯ ಎಣ್ಣೆ ಜಿಡ್ಡಿನ ಮೇಲೆಯೇ ಬಳಿದಿದ್ದರಿಂದ ನನ್ನ ಕದದ ನೀಲಿ ಗುಳ್ಳೆಯೆದ್ದು ಅಲ್ಲಲ್ಲಿ ಸುಲಿದಿತ್ತು. ಅವನದು ನೀರಿನ ಹಾಗೆ ನುಣ್ಣಗೆ ಕೂತಿತ್ತು.

ಆಯಿ ಹೊರಸಿನ ಮೇಲಿಂದ ಕತ್ತು ಚಾಚಿ ಎರಡನ್ನೂ ನೋಡಿದಳು. “ಬಲಗಡೆದ ಚಲೋ ಆಗೇತಿ,” ಎಂದಳು.

ಮರುದಿನ ಬೆಳಿಗ್ಗೆ ಗಿರಣಿಗೆ ಹೋಗುವ ಮೊದಲು ನಿಪ್ಪಾಣಿಗೆ ಹೋಗಿ ಮರಳು ಕಾಗದ ತಂದೆ.